ಸಿಂಹಗಳ ಕೆಳಗಿನ ಮಾತು

ಕೇಳುಗರಿಗೆ ನಮಸ್ಕಾರ.

ನೋಟು, ನಾಣ್ಯ, ಪಾಸ್‌ಪೋರ್ಟು, ಸರ್ಕಾರಿ ಕಾಗದಗಳಲ್ಲೆಲ್ಲ ನಾವು ನೋಡುವ ಸಿಂಹಗಳ ಮೂಲ ಶಿಲ್ಪ ವಾರಾಣಸಿ ಸಮೀಪದ ಸಾರನಾಥದಲ್ಲಿದೆ. ಚುನಾರ್ ಎಂಬಲ್ಲಿನ ಮರಳುಗಲ್ಲು, ಸುಮಾರು ಏಳಡಿ ಎತ್ತರ, ಕನ್ನಡಿಯಂಥ ಹೊಳಪು. 1904–05ರ ಉತ್ಖನನದಲ್ಲಿ ಮಣ್ಣಿನಿಂದ ಹೊರಬಂದ ಈ ಬೋದಿಗೆಯನ್ನು, ಅಂದರೆ ಅಶೋಕ ಚಕ್ರವರ್ತಿ ನಿಲ್ಲಿಸಿದ ಕಂಬದ ತುದಿಯ ಶಿಲ್ಪವನ್ನು, 1950ರ ಜನವರಿ 26ರಂದು ಭಾರತ ತನ್ನ ಲಾಂಛನವಾಗಿ ಸ್ವೀಕರಿಸಿತು.

ಬೆನ್ನಿಗೆ ಬೆನ್ನು ಕೊಟ್ಟು ಕೂತ ಸಿಂಹಗಳು ನಾಲ್ಕು. ಚಿತ್ರದಲ್ಲಿ ಕಾಣುವುದು ಮೂರೇ. ಬಾಯ್ದೆರೆದಿದ್ದರೂ ಇವು ಬೇಟೆಗೆ ಹೊರಟ ಸಿಂಹಗಳಲ್ಲ. ಬುದ್ಧ ಮೊದಲು ಬೋಧಿಸಿದ ನೆಲ ಸಾರನಾಥ. ಅವನ ಬೋಧೆಯನ್ನು ಸಿಂಹನಾದ ಎಂದು ಕರೆಯುವುದುಂಟು. ನಾಲ್ಕು ದಿಕ್ಕಿಗೂ ಮುಖ ಮಾಡಿ ಕೂತ ಸಿಂಹಗಳನ್ನು ಆ ಅರ್ಥದಲ್ಲೇ ನೋಡಬೇಕು. ಇವುಗಳ ತಲೆಯ ಮೇಲೆ 32 ಅರಗಳ ದೊಡ್ಡ ಚಕ್ರವೊಂದಿತ್ತು. ಅದರ ಚೂರುಗಳಷ್ಟೇ ಸಿಕ್ಕಿವೆ. ಶೌರ್ಯಕ್ಕಿಂತ ಎತ್ತರದಲ್ಲಿ ಧರ್ಮವನ್ನಿಟ್ಟ ಶಿಲ್ಪವಿದು ಎಂದು ನಾನು ಧೈರ್ಯವಾಗಿ ಹೇಳುತ್ತೇನೆ.

ಸಿಂಹಗಳ ಕೆಳಗಿನ ದುಂಡು ಪಟ್ಟಿಯಲ್ಲಿ ಆನೆ, ಕುದುರೆ, ಗೂಳಿ, ಸಿಂಹ. ನಡುನಡುವೆ 24 ಅರಗಳ ಚಕ್ರ. ಲಾಂಛನದಲ್ಲಿ ನಮ್ಮ ಬಲಕ್ಕೆ ಗೂಳಿ, ಎಡಕ್ಕೆ ಕುದುರೆ ಕಾಣುತ್ತವೆ. ಆನೆ ಮತ್ತು ಸಿಂಹ ಹಿಂದೆ ಉಳಿಯುತ್ತವೆ. ಈ ನಾಲ್ಕೂ ಪ್ರಾಣಿಗಳು ಜೈನರಿಗೂ ಪೂಜ್ಯ: ಗೂಳಿ ವೃಷಭನಾಥನ, ಆನೆ ಅಜಿತನಾಥನ, ಕುದುರೆ ಸಂಭವನಾಥನ, ಸಿಂಹ ಮಹಾವೀರನ ಲಾಂಛನ. ಆದರೆ ತೀರ್ಥಂಕರರಿಗೆ ಒಂದೊಂದು ಲಾಂಛನ ಗೊತ್ತುಮಾಡುವ ಪದ್ಧತಿ ಅಶೋಕನಿಗಿಂತ ಬಹಳ ಈಚಿನದು, ಹಾಗಾಗಿ ಇದನ್ನು ಜೈನಶಿಲ್ಪ ಎಂದುಬಿಡಲಾಗದು. ಶಿವಭಕ್ತರಿಗೆ ಗೂಳಿ ನಂದಿ. ಯಾವ ಮತದವರು ನಿಂತು ನೋಡಿದರೂ ತಮ್ಮದೊಂದು ಕುರುಹು ಇಲ್ಲಿ ಸಿಗುತ್ತದೆ.

ಆ 24 ಅರಗಳ ಚಕ್ರವೇ 1947ರ ಜುಲೈ 22ರಂದು ಬಾವುಟಕ್ಕೆ ಬಂತು. ಮಕ್ಕಳಿಂದ ಬಾವುಟ ಬರೆಸುವ ಶಿಕ್ಷಕರು ಇಲ್ಲಿ ಸ್ವಲ್ಪ ಗಮನ ಕೊಡಬೇಕು. ಎಷ್ಟೋ ಚಿತ್ರಗಳಲ್ಲಿ 16 ಅರಗಳಿರುತ್ತವೆ. ಕಾರಣ ಸರಳ. ಮೊದಲು ಅಧಿಕ ಚಿಹ್ನೆಯಂತೆ ಎರಡು ಗೆರೆ ಎಳೆದು, ಆಮೇಲೆ ಅರ್ಧ ಅರ್ಧ ಮಾಡುತ್ತ ಹೋದರೆ 4, 8, 16, 32 ಬರುತ್ತದೆಯೇ ಹೊರತು 24 ಎಂದಿಗೂ ಬರುವುದಿಲ್ಲ. ವೃತ್ತ ಬರೆದ ಕೈವಾರವನ್ನು ಅಗಲಿಸದೆ, ಕುಗ್ಗಿಸದೆ, ಅದೇ ಅಳತೆಯಲ್ಲಿ ಪರಿಧಿಯ ಮೇಲೆ ಗುರುತು ಹಾಕುತ್ತ ಹೋಗಿ; ಆರು ಗುರುತು ಬೀಳುತ್ತವೆ. ಪ್ರತಿ ಭಾಗವನ್ನು ಅರ್ಧ ಮಾಡಿದರೆ 12, ಮತ್ತೊಮ್ಮೆ ಮಾಡಿದರೆ 24. ಅರದಿಂದ ಅರಕ್ಕೆ 15 ಡಿಗ್ರಿ. 900 ಮಿಲಿಮೀಟರ್ ಉದ್ದ, 600 ಅಗಲದ ಬಾವುಟದಲ್ಲಿ ಒಂದೊಂದು ಬಣ್ಣದ ಪಟ್ಟಿ 200, ಚಕ್ರದ ವ್ಯಾಸ 185. ಅಂದರೆ ಬಿಳಿ ಪಟ್ಟಿಯ ಅಂಚಿಗೆ ಚಕ್ರ ತಾಗಬಾರದು. ಕಂಪ್ಯೂಟರಿನಲ್ಲಿ ಚಿತ್ರವನ್ನು ಒಂದೇ ಬದಿಗೆ ಎಳೆದರೆ ಚಕ್ರ ಮೊಟ್ಟೆಯಾಕಾರವಾಗುತ್ತದೆ. ಮೂಲೆ ಹಿಡಿದೇ ಹಿಗ್ಗಿಸಿ. ಬಣ್ಣ ಕಡುನೀಲಿ, ಕಪ್ಪಲ್ಲ.

ಲಾಂಛನದ ವಿಷಯದಲ್ಲಿ ಒಂದೇ ಮಾತು. ‘ಸತ್ಯಮೇವ ಜಯತೇ’ ಇಲ್ಲದೆ ಅದು ಪೂರ್ಣವಲ್ಲ, ಮತ್ತು ಖಾಸಗಿಯವರು ಅದನ್ನು ಕಾರಿಗೋ ವಿಸಿಟಿಂಗ್ ಕಾರ್ಡಿಗೋ ಹಾಕಿಕೊಳ್ಳುವಂತಿಲ್ಲ. 2005ರ ಕಾಯಿದೆಯ ಪ್ರಕಾರ ಎರಡು ವರ್ಷದವರೆಗೆ ಸೆರೆ ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಸಿಂಹಗಳನ್ನು ಹೊತ್ತಿದ್ದ ಕಂಬದ ಮೇಲೆ ಅಶೋಕ ಬರೆಸಿದ್ದೇನು? ಸಂಘವನ್ನು, ಅಂದರೆ ಬೌದ್ಧ ಭಿಕ್ಷು-ಭಿಕ್ಷುಣಿಯರ ಸಮುದಾಯವನ್ನು, ಯಾರೂ ಒಡೆಯಬಾರದು. ಒಡೆದವರು ಭಿಕ್ಷುವಾಗಲಿ ಭಿಕ್ಷುಣಿಯಾಗಲಿ, ಅವರಿಗೆ ಬಿಳಿ ಬಟ್ಟೆ ಉಡಿಸಿ ಬೇರೆಡೆ ಇರಿಸಬೇಕು ಎಂಬ ಕಟ್ಟಪ್ಪಣೆ. ಕಾವಿ ಕಳಚಿ ಗೃಹಸ್ಥರ ಉಡುಪು ಹಾಕಿಸುವುದೇ ಶಿಕ್ಷೆ. ಇದು ಒಂದೇ ಮತದೊಳಗಿನ ಒಗ್ಗಟ್ಟಿನ ಮಾತಾಯಿತು. ಬೇರೆ ಬೇರೆ ಮತಗಳ ನಡುವಿನ ಮಾತು ಅವನ ಹನ್ನೆರಡನೆಯ ಬಂಡೆಶಾಸನದಲ್ಲಿದೆ, ಮತ್ತು ಅದರ ಒಂದು ಪ್ರತಿ ನಮ್ಮ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ, ಭೀಮಾ ನದಿಯ ದಡದಲ್ಲಿ ಸಿಕ್ಕಿದೆ. ಚಂದ್ರಲಾಂಬಾ ದೇವಾಲಯದ ಆವರಣದ ಕಾಳಿ ಗುಡಿಯಲ್ಲಿ, ದೇವಿಯ ವಿಗ್ರಹಕ್ಕೆ ಪೀಠವಾಗಿದ್ದ ಚಪ್ಪಡಿ ಅದು. ಗುಡಿಯ ಚಾವಣಿ ಕುಸಿದ ಮೇಲೆ ಬೆಳಕಿಗೆ ಬಂತು. ಬ್ರಾಹ್ಮೀ ಲಿಪಿ, ಪ್ರಾಕೃತ ಭಾಷೆ.

ಆ ಶಾಸನ ಹೇಳುವುದು ತೀರಾ ಖಚಿತವಾಗಿದೆ. ಎಲ್ಲ ಮತಗಳ ಸಾರ ಬೆಳೆಯಬೇಕು, ಅದಕ್ಕೆ ಮೂಲ ನಾಲಿಗೆಯ ಹಿಡಿತ: ಸಂದರ್ಭವಿಲ್ಲದೆ ತನ್ನ ಮತವನ್ನು ಹೊಗಳಬಾರದು, ಪರಮತವನ್ನು ಹಳಿಯಬಾರದು. ಭಕ್ತಿಯ ಆವೇಶದಲ್ಲಿ ಹಾಗೆ ಮಾಡಿದವನು ತನ್ನ ಮತಕ್ಕೇ ಹೆಚ್ಚು ಕೇಡು ಮಾಡುತ್ತಾನೆ. ಸುಮ್ಮನೆ ಸಹಿಸಿಕೊಳ್ಳಿ ಎಂದಷ್ಟೇ ಹೇಳದೆ ಪರಸ್ಪರರ ಧರ್ಮವನ್ನು ಕೇಳಿ ತಿಳಿಯಿರಿ ಎನ್ನುತ್ತದೆ ಎಂಬುದೇ ನನಗೆ ಇದರ ದೊಡ್ಡತನ. ಶಾಲೆಗಳಲ್ಲಿ ಸಿಂಹಲಾಂಛನದ ಪಾಠ ಮಾಡುವಾಗ ಈ ಸಾಲುಗಳನ್ನೂ ಓದಿಸಬೇಕು.

ಕಲಬುರಗಿ ಕಡೆ ಪ್ರವಾಸ ಹೋಗುವವರು ಸನ್ನತಿಯ ಪಕ್ಕದ ಕನಗನಹಳ್ಳಿಯ ಸ್ತೂಪಕ್ಕೂ ಸಮಯ ಇಟ್ಟುಕೊಳ್ಳಿ. ಅಲ್ಲಿ ಉತ್ಖನನದಲ್ಲಿ ದೊರೆತ ಉಬ್ಬುಚಿತ್ರದ ಫಲಕವೊಂದರಲ್ಲಿ ಪರಿವಾರದೊಡನೆ ನಿಂತ ಅರಸನಿದ್ದಾನೆ, ‘ರಾಯ ಅಸೋಕೊ’ ಎಂದು ಹೆಸರೂ ಕೆತ್ತಿದೆ.

ನಮಸ್ಕಾರ.