ಎಡಕ್ಕೂ ಬಲಕ್ಕೂ 6 ಮಿಲಿಮೀಟರ್

ಎಲ್ಲರಿಗೂ ನಮಸ್ಕಾರ.

ಮೇಜಿನ ಮೇಲಿರುವ ಈ ಕಪ್ಪು ವಸ್ತು ಏನೆಂದು ಒಳಗೆ ಬರುವಾಗಲೇ ಕೆಲವರು ಕೇಳಿದಿರಿ. ಇದು ನನ್ನ ಹಳೆಯ ಕಾರಿನ ಮುಂಬದಿ ಸ್ಪಾಯ್ಲರಿನ, ಅಂದರೆ ಬಂಪರಿನ ಕೆಳಗೆ ಗಾಳಿಗೆ ಅಡ್ಡವಾಗಿ ಹಾಕುವ ತುಂಡಿನ, ಅಚ್ಚು. ಪಕ್ಕದಲ್ಲಿರುವುದು ಈ ಅಚ್ಚಿನಿಂದ ತೆಗೆದ ಮೊದಲ ಸ್ಪಾಯ್ಲರ್. ಅದು ಕೆಟ್ಟುಹೋದ ತುಂಡು. ಕಾರಿಗೆ ಹಾಕಿರುವ ಒಳ್ಳೆಯದನ್ನು ಬಿಚ್ಚಿ ತರಬಹುದಿತ್ತು, ಆದರೆ ನಿಮ್ಮ ಕೈಗೆ ಕೊಡಬೇಕಾದದ್ದು ಇದೇ ಅನ್ನಿಸಿತು. ಮಾತು ಮುಗಿದ ಮೇಲೆ ಬಂದು ಮುಟ್ಟಿ ನೋಡಿ.

ಈ ಸ್ಪಾಯ್ಲರ್ ಮಾಡುವ ಕೆಲಸವೇನು? ಕಾರಿನ ಮೇಲ್ಮೈ ನುಣುಪಾಗಿರುತ್ತದೆ, ತಳ ಹಾಗಿರುವುದಿಲ್ಲ. ಆಯಿಲ್ ಸಂಪ್, ಸಸ್ಪೆನ್ಷನ್ ಆರ್ಮುಗಳು, ಗೇರ್‌ಬಾಕ್ಸ್, ಸೈಲೆನ್ಸರ್ ಪೈಪು, ಎಲ್ಲವೂ ಗಾಳಿಗೆ ಅಡ್ಡ ನಿಲ್ಲುತ್ತವೆ. ಮೂಗಿನ ಕೆಳಗೆ ನುಗ್ಗಿದ ಗಾಳಿ ಅಲ್ಲಿ ತಡವರಿಸಿ ಒತ್ತಡ ಕಟ್ಟಿಕೊಳ್ಳುತ್ತದೆ. ಬಾನೆಟ್ಟಿನ ಮೇಲಿನ ಗಾಳಿ ವೇಗವಾಗಿ ಹರಿದುಹೋಗುವುದರಿಂದ ಅಲ್ಲಿ ಒತ್ತಡ ಇಳಿಯುತ್ತದೆ. ಎರಡೂ ಸೇರಿ ಕಾರಿನ ಮೂತಿಯನ್ನು ಮೇಲಕ್ಕೆತ್ತುತ್ತವೆ. ಈ ಎತ್ತುವ ಬಲ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. ಗಂಟೆಗೆ 60 ಕಿ.ಮೀ.ನಲ್ಲಿ ಇದ್ದದ್ದು 120ರಲ್ಲಿ ನಾಲ್ಕು ಪಟ್ಟಾಗುತ್ತದೆ. ಹಳೆಯ ಕಾರುಗಳಲ್ಲಿ ವೇಗ ಹೆಚ್ಚಿದಂತೆ ಸ್ಟೀರಿಂಗ್ ಹಗುರವಾದಂತೆ ಅನ್ನಿಸುತ್ತದಲ್ಲ, ಅದಕ್ಕೆ ಇದೂ ಒಂದು ಕಾರಣ. ಮುಂದೆ ಒಂದು ಗೋಡೆ ಇಳಿಬಿಟ್ಟರೆ ತಳಕ್ಕೆ ನುಗ್ಗುವ ಗಾಳಿ ಕಡಿಮೆಯಾಗುತ್ತದೆ. ಆ ಗೋಡೆಯ ಹಿಂದೆ ಒತ್ತಡ ಇಳಿಯುವುದರಿಂದ ರೇಡಿಯೇಟರಿನ ಮೂಲಕ ಬಂದ ಬಿಸಿ ಗಾಳಿ ಕೆಳಗಿನಿಂದ ಹೊರಬೀಳುವುದೂ ಸುಲಭವಾಗುತ್ತದೆ.

1970ರ ದಶಕದ ಆರಂಭದಲ್ಲಿ ಈ ತಿಳಿವಳಿಕೆ ರೇಸ್ ಟ್ರ್ಯಾಕಿನಿಂದ ರಸ್ತೆಗೆ ಇಳಿಯಿತು. 1972ರ ಮಾದರಿಯ ಪೋರ್ಷೆ 911 ಎಸ್ ಕಾರಿಗೆ ಮುಂಬದಿ ಸ್ಪಾಯ್ಲರ್ ಬಂತು. ಅದೇ ವರ್ಷ ಹೊರಬಂದ ಕರೇರಾ ಆರ್‌ಎಸ್ 2.7ರಲ್ಲಿ ಹಿಂಬದಿಗೂ ಬಾತುಕೋಳಿಯ ಬಾಲದಂಥ ಸ್ಪಾಯ್ಲರ್ ಸೇರಿತು. 1973ರ ಬಿಎಂಡಬ್ಲ್ಯೂ 2002 ಟರ್ಬೊ ಬಂಪರನ್ನೇ ಕಳಚಿ ಆ ಜಾಗಕ್ಕೆ ಆಳವಾದ ಏರ್ ಡ್ಯಾಮ್, ಅಂದರೆ ನೆಲದತ್ತ ಇಳಿಯುವ ಗಾಳಿತಡೆ, ತೊಟ್ಟಿತು. ಪೋರ್ಷೆಯವರು ಮುಂದೆ ಹಾಕಿದ ಮೇಲೆ ಹಿಂದೆಯೂ ಹಾಕಿದ್ದು ಅಂದಕ್ಕಲ್ಲ. ಮೂತಿಯನ್ನು ಮಾತ್ರ ನೆಲಕ್ಕೆ ಹಿಡಿದಿಟ್ಟು ಬಾಲವನ್ನು ಹಾಗೇ ಬಿಟ್ಟರೆ ಹೆಚ್ಚಿನ ವೇಗದಲ್ಲಿ ಹಿಂಚಕ್ರಗಳೇ ಮೊದಲು ಹಿಡಿತ ಬಿಡಬಹುದು. ಆದ್ದರಿಂದ ಸ್ಪಾಯ್ಲರಿನ ಎತ್ತರದಲ್ಲಿ ಅತಿಯಾಸೆ ಬೇಡ.

ಈಗ ಅಳತೆಯ ವಿಷಯ. ಇದರ ಬಗ್ಗೆ ಸ್ವಲ್ಪ ಹೆಚ್ಚು ಹೊತ್ತು ಮಾತಾಡುತ್ತೇನೆ, ಏಕೆಂದರೆ ಬಹಳ ಜನ ಇದನ್ನು ಬಿಟ್ಟು ನೇರ ರೆಸಿನ್ ಡಬ್ಬಿಗೆ, ಅಂದರೆ ಗಾಜಿನ ಎಳೆಗಳನ್ನು ಹಿಡಿದು ಗಟ್ಟಿಯಾಗುವ ಅಂಟುದ್ರವಕ್ಕೆ, ಕೈ ಹಾಕುತ್ತಾರೆ.

ಐವತ್ತು ವರ್ಷ ಓಡಿದ ಕಾರಿನ ಎಡಗಡೆ ಬಲಗಡೆ ಒಂದೇ ಸಮ ಇರುವುದಿಲ್ಲ. ಯಾವತ್ತೋ ಒಮ್ಮೆ ಮೂಲೆ ತಗುಲಿರುತ್ತದೆ, ಟಿಂಕರಿಂಗ್ ಆಗಿರುತ್ತದೆ, ಒಂದು ಫೆಂಡರ್ ಬದಲಾಗಿರುತ್ತದೆ. ತಯಾರಿಸಿದ ದಿನವೇ ಕೆಲವು ಮಿಲಿಮೀಟರ್ ಹೆಚ್ಚುಕಡಿಮೆ ಇದ್ದಿರಬಹುದು. ಸಿದ್ಧವಾಗಿ ಸಿಗುವ ಸ್ಪಾಯ್ಲರುಗಳು ಒಂದು ಕಡೆ ಅಂಟಿಕೊಂಡು ಇನ್ನೊಂದು ಕಡೆ ಬೆರಳು ತೂರುವಷ್ಟು ಸಂದಿ ಬಿಡುವುದು ಇದರಿಂದಲೇ. ಅವುಗಳ ಅಚ್ಚು ತೆಗೆದದ್ದು ಬೇರೆ ಯಾವುದೋ ಕಾರಿನ ಮೇಲೆ.

ಕಾರನ್ನು ಸಮತಟ್ಟಾದ ನೆಲದ ಮೇಲೆ ನಿಲ್ಲಿಸಿ, ಟೈರುಗಳ ಗಾಳಿ ಸರಿಮಾಡಿ. ನಡುಗೆರೆಯನ್ನು ಗ್ರಿಲ್ಲಿನಿಂದಾಗಲಿ ಬಾನೆಟ್ಟಿನಿಂದಾಗಲಿ ಹುಡುಕಬೇಡಿ. ಕೆಳಗೆ ಸಸ್ಪೆನ್ಷನ್ ಕೂರುವ ಜಾಗಗಳಿಂದ ತೂಗುಗುಂಡು ಇಳಿಬಿಟ್ಟು ನೆಲದ ಮೇಲೆ ಗುರುತು ಹಾಕಿ, ಎಡಬಲದ ಗುರುತುಗಳ ನಡುವೆ ಸರಿಯರ್ಧ ಹಿಡಿಯಿರಿ. ನಾನು ಹೀಗೆ ಅಳೆದಾಗ ನನ್ನ ಕಾರಿನ ಬಂಪರ್ ಕೆಳಗಿನ ತಗಡಿನ ಅಂಚು ಬಲಗಡೆಯಲ್ಲಿ 6 ಮಿ.ಮೀ. ಕೆಳಗಿತ್ತು. ವರ್ಷಗಳಿಂದ ದಿನಾ ನೋಡುತ್ತಿದ್ದ ಕಾರು, ಒಮ್ಮೆಯೂ ಕಣ್ಣಿಗೆ ಬಿದ್ದಿರಲಿಲ್ಲ.

ಹಾಗಾದರೆ ಸ್ಪಾಯ್ಲರನ್ನು ಯಾವುದಕ್ಕೆ ಹೊಂದಿಸಬೇಕು? ಸೊಟ್ಟಗಿರುವ ಕಾರಿಗೋ, ನೇರವಾದ ಗೆರೆಗೋ? ಎರಡಕ್ಕೂ. ಮೇಲಂಚು ಕಾರು ಹೇಗಿದೆಯೋ ಹಾಗೇ ಇರಲಿ, ಸೊಟ್ಟಕ್ಕೆ ಸೊಟ್ಟ. ಕೆಳಂಚು ಮಾತ್ರ ನೆಲಕ್ಕೆ ಸಮಾಂತರವಾಗಿ, ನಡುಗೆರೆಯ ಎರಡೂ ಬದಿಗೆ ಸಮನಾಗಿ ಬರಲಿ. ಕಣ್ಣು ಓದುವುದು ಎರಡನ್ನೇ: ಮೇಲಿನ ಸಂದಿಯನ್ನು, ಕೆಳಗಿನ ಗೆರೆಯನ್ನು. ನಡುವಿನ 180 ಮಿ.ಮೀ. ಮುಖದೊಳಗೆ ಆ 6 ಮಿ.ಮೀ. ಕರಗಿಹೋಗುತ್ತದೆ. ನನ್ನ ಮಟ್ಟಿಗೆ ಈ ಇಡೀ ಕೆಲಸದ ಜಾಣ್ಮೆ ಇರುವುದು ಇಲ್ಲೇ. ಮನೆಯಲ್ಲಿ ಮಾಡಿದ ಸ್ಪಾಯ್ಲರ್ ಕೊಂಡದ್ದಕ್ಕಿಂತ ಚೆನ್ನಾಗಿ ಕೂರುವುದೂ ಇದೇ ಕಾರಣಕ್ಕೆ.

ಇದಾದ ಮೇಲೆ ಪ್ಲಗ್, ಅಂದರೆ ಮೂಲ ಮಾದರಿ. ಅದನ್ನು ಕಾರಿನ ಮೇಲೇ ಕಟ್ಟಬೇಕು. ಮೊದಲು ಬಣ್ಣಕ್ಕೆ ಮಾಸ್ಕಿಂಗ್ ಟೇಪ್, ಅದರ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ. ಪಾಲಿಯೆಸ್ಟರ್ ರೆಸಿನ್ ತಾಗಿದರೆ ಹಳೆಯ ಪೇಂಟ್ ಮೆತ್ತಗಾಗಿ ಏಳುತ್ತದೆ. ತೆಳು ಪ್ಲೈವುಡ್ಡಿನಿಂದ ಕೆಳಂಚಿನ ಆಕಾರ ಕತ್ತರಿಸಿ, ಅದನ್ನು ಕಾರಿನ ಕೆಳಗೆ ಸರಿಯಾದ ಎತ್ತರದಲ್ಲಿ ನಿಲ್ಲಿಸಿ, ನಡುವೆ ಫೋಮ್ ತುಂಬಿ. ಪ್ಯಾಕಿಂಗ್‌ಗೆ ಬರುವ ಬಿಳಿ ಥರ್ಮೊಕೋಲ್ ಇಲ್ಲಿ ನಡೆಯದು, ರೆಸಿನ್ನಿನಲ್ಲಿರುವ ಸ್ಟೈರೀನ್ ಎಂಬ ದ್ರಾವಕ ಅದನ್ನು ನೋಡನೋಡುತ್ತ ಕರಗಿಸಿಬಿಡುತ್ತದೆ. ಪಾಲಿಯುರೆಥೇನ್ ಫೋಮ್ ಬಳಸಿ. ಅದನ್ನು ಚಾಕುವಿನಿಂದ ಕೆತ್ತಬಹುದು, ಮರಳು ಕಾಗದದಿಂದ ತಿದ್ದಬಹುದು. ಆಕಾರ ಬಂದ ಮೇಲೆ ಒಂದು ಪದರ ಫೈಬರ್‌ಗ್ಲಾಸ್, ಅದರ ಮೇಲೆ ಪುಟ್ಟಿ. ಆಮೇಲೆ ಉಜ್ಜುವ ಕೆಲಸ: 80ನೇ ನಂಬರಿನಿಂದ ಶುರುವಾಗಿ 180, 320, 600 ಎಂದು ಏರುತ್ತ ಹೋಗಬೇಕು. ನನಗೆ ಒಟ್ಟು ಸಮಯದ ಅರ್ಧಕ್ಕಿಂತ ಹೆಚ್ಚು ಇದಕ್ಕೇ ಹೋಯಿತು. ಪ್ಲಗ್ಗಿನ ಮೇಲೆ ಕೂದಲೆಳೆಯಷ್ಟು ಗೀರು ಬಿಟ್ಟರೂ ಅದು ಅಚ್ಚಿಗೆ ಇಳಿಯುತ್ತದೆ, ಅಚ್ಚಿನಿಂದ ಪ್ರತಿ ಸ್ಪಾಯ್ಲರಿಗೂ ಇಳಿಯುತ್ತದೆ.

ಆಕಾರ ಕೊಡುವಾಗ ಎರಡು ವಿಷಯ ನೆನಪಿರಲಿ. ಮೂಲೆಗಳು ಚೂಪಾಗಬಾರದು, ಕನಿಷ್ಠ 5 ಮಿ.ಮೀ. ತ್ರಿಜ್ಯದ ದುಂಡು ಬೇಕು. ಗಾಜಿನ ಎಳೆ ಚೂಪು ಮೂಲೆಯಲ್ಲಿ ಬಾಗಿ ಕೂರುವುದಿಲ್ಲ, ಹಿಂದೆ ಗಾಳಿ ಉಳಿಯುತ್ತದೆ. ಮುಂದೆ ಒಂದು ಕಲ್ಲು ಸಿಡಿದರೆ ಅಲ್ಲೇ ಚಕ್ಕೆ ಏಳುತ್ತದೆ. ಇನ್ನೊಂದು, ಮುಖಗಳೆಲ್ಲ ಸ್ವಲ್ಪ ಓರೆಯಾಗಿರಲಿ, ತುಂಡು ಅಚ್ಚಿನಿಂದ ಜಾರಿಕೊಂಡು ಬರುವ ಹಾಗೆ. ಕೆಳತುಟಿ ಒಳಕ್ಕೆ ಮಡಚಿಕೊಳ್ಳುವ ವಿನ್ಯಾಸವಾದರೆ ಅಚ್ಚನ್ನು ಎರಡು ಭಾಗವಾಗಿ, ಬೋಲ್ಟ್ ಹಾಕುವ ಪಟ್ಟಿಯೊಂದಿಗೆ ಮಾಡಲೇಬೇಕು.

ಒಂದೇ ಒಂದು ಸ್ಪಾಯ್ಲರ್ ಸಾಕು, ಅಚ್ಚು ಯಾಕೆ ಎಂದು ಕೇಳುವವರಿದ್ದಾರೆ. ಫೋಮಿನ ಮೇಲೆಯೇ ಗಾಜು ಹಾಸಿ, ಹೊರಮೈಯನ್ನು ಪುಟ್ಟಿಯಿಂದ ತಿದ್ದಿ ಹಾಕಿಕೊಳ್ಳಬಹುದು, ತಪ್ಪೇನಿಲ್ಲ. ಆದರೆ ಕಾರಿನಲ್ಲಿ ಮೊದಲು ನೆಲಕ್ಕೆ ತಾಗುವ ಭಾಗ ಇದು. ಅಚ್ಚು ಇದ್ದರೆ ಒಡೆದಾಗ ಎದೆ ಒಡೆಯುವುದಿಲ್ಲ.

ಅಚ್ಚು ಅಂಟಿಕೊಳ್ಳದಂತೆ ಪ್ಲಗ್ಗಿಗೆ ಮೇಣ ಹಚ್ಚಿ ಒರೆಸಿ, ಆರಲು ಬಿಟ್ಟು, ಮತ್ತೆ ಹಚ್ಚಿ. ಹೊಸ ಮೇಲ್ಮೈಗೆ ಆರೇಳು ಸಲ ಬೇಕು. ಅದರ ಮೇಲೆ ನೀರಿನಲ್ಲಿ ಕರಗುವ ಪಿವಿಎ ಪೊರೆ. ನಂತರ ಜೆಲ್‌ಕೋಟ್, ಅಂದರೆ ಹೊರಮೈಯಾಗುವ ಬಣ್ಣದ ರೆಸಿನ್ ಪದರ, ಆಮೇಲೆ ಮ್ಯಾಟ್, ಅಂದರೆ ಗಾಜಿನ ಎಳೆಗಳ ಹಾಳೆ. ಅಚ್ಚು ಸ್ಪಾಯ್ಲರಿಗಿಂತ ಎರಡು ಪಟ್ಟು ದಪ್ಪವಿರಲಿ, ಬೆನ್ನಿಗೆ ಮರದ ಪಟ್ಟಿಗಳ ಆಸರೆ ಇರಲಿ. ಒಂದು ವಾರ ಪ್ಲಗ್ಗಿನ ಮೇಲೇ ಬಿಡಿ, ಬೇಗ ಬಿಡಿಸಿದರೆ ತಿರುಚಿಕೊಳ್ಳುತ್ತದೆ.

ಇನ್ನು ಸ್ಪಾಯ್ಲರ್ ಎರಕ. ಅಚ್ಚಿನೊಳಗೆ ಮತ್ತೆ ಮೇಣ, ಪಿವಿಎ, ಸುಮಾರು ಅರ್ಧ ಮಿ.ಮೀ. ದಪ್ಪಕ್ಕೆ ಜೆಲ್‌ಕೋಟ್. ನನ್ನ ಮೊದಲ ತುಂಡು ಕೆಟ್ಟದ್ದು ಈ ಹಂತದಲ್ಲೇ. ಜೆಲ್‌ಕೋಟ್ ಮೇಲೆ ಬೆರಳಿಟ್ಟು ನೋಡಿದೆ, ಬಣ್ಣ ಬೆರಳಿಗೆ ಬಂತು. ಸಂಜೆಯಾಗುತ್ತಿತ್ತು, ಪರವಾಗಿಲ್ಲ ಎಂದು ಮ್ಯಾಟ್ ಹಾಸಿಬಿಟ್ಟೆ. ಮರುದಿನ ಬಿಡಿಸಿದಾಗ ಹೊರಮೈ ತುಂಬ ಸುಕ್ಕು, ಮೊಸಳೆಯ ಚರ್ಮದಂತೆ. ಸರಿಯಾಗಿ ಗಟ್ಟಿಯಾಗದ ಜೆಲ್‌ಕೋಟಿನೊಳಗೆ ಮೇಲಿನ ರೆಸಿನ್ನಿನ ಸ್ಟೈರೀನ್ ಇಳಿದು ಅದನ್ನು ಉಬ್ಬಿಸಿತ್ತು. ಬೆರಳಿಗೆ ಅಂಟಂಟು ಅನ್ನಿಸಬೇಕು, ಬಣ್ಣ ಮಾತ್ರ ಬರಬಾರದು. ಆ ಹದ ಬರುವವರೆಗೆ ಕಾಯಲೇಬೇಕು. ನೀವು ಮುಟ್ಟಲಿರುವ ತುಂಡು ಅದೇ.

ಲೆಕ್ಕ ಸುಲಭ. ಸ್ಪಾಯ್ಲರಿನ ಮೈ ಅರ್ಧ ಚದರ ಮೀಟರ್ ಎಂದುಕೊಳ್ಳಿ. ಚದರ ಮೀಟರಿಗೆ 450 ಗ್ರಾಂ ತೂಗುವ ಮ್ಯಾಟ್ ಒಂದು ಪದರ ಹಾಸಿದರೆ ಸುಮಾರು 1 ಮಿ.ಮೀ. ದಪ್ಪ ಬರುತ್ತದೆ. ಮೂರು ಪದರಕ್ಕೆ 675 ಗ್ರಾಂ ಮ್ಯಾಟ್, ಅದರ ಎರಡರಿಂದ ಎರಡೂವರೆ ಪಟ್ಟು ರೆಸಿನ್, ಅಂದರೆ ಒಂದೂವರೆ ಕೆ.ಜಿ. ಆಸುಪಾಸು. ಎಲ್ಲವನ್ನೂ ಒಟ್ಟಿಗೆ ಕಲಸಬೇಡಿ. ರೆಸಿನ್ನನ್ನು ಗಟ್ಟಿಯಾಗಿಸುವ ಹಾರ್ಡನರ್ ಸಾಮಾನ್ಯವಾಗಿ ಶೇ. 1ರಿಂದ 2ರಷ್ಟು. ಕಲಸಿದ ಮೇಲೆ ಕೈಯಲ್ಲಿ ಇರುವುದು ಕಾಲು ಗಂಟೆಯಷ್ಟೇ, ಸೆಕೆಯಲ್ಲಿ ಇನ್ನೂ ಕಡಿಮೆ. ಡಬ್ಬಿಯಲ್ಲಿ ಹೆಚ್ಚು ಉಳಿದರೆ ತನ್ನ ಬಿಸಿಗೆ ತಾನೇ ಕಾದು ಹೊಗೆಯಾಡುತ್ತದೆ.

ಮ್ಯಾಟನ್ನು ಕತ್ತರಿಯಿಂದ ಕತ್ತರಿಸದೆ ಕೈಯಿಂದ ಹರಿಯಿರಿ. ಹರಿದ ಅಂಚಿನಲ್ಲಿ ಎಳೆಗಳು ಬಿಡಿಬಿಡಿಯಾಗಿ ಚಾಚಿರುತ್ತವೆ, ಪಕ್ಕದ ತುಂಡಿನೊಳಗೆ ಬೆರೆತು ಜೋಡಣೆಯ ಗೆರೆಯೇ ಕಾಣುವುದಿಲ್ಲ. ಮೊದಲು ಅಚ್ಚಿಗೆ ರೆಸಿನ್ ಬಳಿದು, ಅದರ ಮೇಲೆ ಮ್ಯಾಟ್ ಇಟ್ಟು, ಬ್ರಷ್ಷಿನಿಂದ ಎಳೆಯದೆ ತಟ್ಟುತ್ತ ಹೋಗಿ. ಹತ್ತಿಯಂತೆ ಬೆಳ್ಳಗಿದ್ದ ಮ್ಯಾಟ್ ರೆಸಿನ್ ಕುಡಿಯುತ್ತಿದ್ದಂತೆ ಬೂದಾಗುತ್ತದೆ, ಎಳೆಗಳನ್ನು ಹಿಡಿದಿಟ್ಟ ಅಂಟು ಕರಗಿ ಇಡೀ ಹಾಳೆ ಮೆತ್ತಗಾಗಿ ಅಚ್ಚಿನ ತಿರುವುಗಳಿಗೆ ಮಲಗುತ್ತದೆ, ಕೊನೆಗೆ ಪಾರದರ್ಶಕವಾಗಿ ಕೆಳಗಿನ ಜೆಲ್‌ಕೋಟ್ ಕಾಣುತ್ತದೆ. ಎಷ್ಟು ಸಲ ನೋಡಿದರೂ ನನಗೆ ಆ ಕ್ಷಣ ಬಹಳ ಇಷ್ಟ. ಎಲ್ಲಿ ಬಿಳಿ ಚುಕ್ಕೆ ಉಳಿದಿದೆಯೋ ಅಲ್ಲಿ ಗಾಳಿ ಇದೆ, ಹಲ್ಲಿನ ರೋಲರ್ ಆಡಿಸಿ ಅದನ್ನು ಅಂಚಿನ ಕಡೆಗೆ ಓಡಿಸಬೇಕು. ಒಂದೆರಡು ಗಂಟೆಯಲ್ಲಿ ರೆಸಿನ್ ರಬ್ಬರಿನ ಹದಕ್ಕೆ ಬಂದಾಗ ಅಂಚನ್ನು ಚಾಕುವಿನಿಂದ ಕೊಯ್ಯಬಹುದು. ಆ ಹೊತ್ತು ತಪ್ಪಿದರೆ ಮತ್ತೆ ಗರಗಸ, ಧೂಳು.

ಧೂಳೆಂದ ಮೇಲೆ ಜೀವದ ಮಾತು. ಹಾರ್ಡನರ್ ಒಂದು ಹನಿ ಕಣ್ಣಿಗೆ ಬಿದ್ದರೆ ದೃಷ್ಟಿ ಶಾಶ್ವತವಾಗಿ ಹೋಗಬಹುದು. ಕನ್ನಡಕವಿಲ್ಲದೆ ಬಾಟಲಿಯ ಮುಚ್ಚಳವನ್ನೇ ತೆಗೆಯಬೇಡಿ. ಬಿದ್ದರೆ ಆ ಕ್ಷಣವೇ ನೀರಿನಲ್ಲಿ ತೊಳೆಯುತ್ತ ವೈದ್ಯರ ಬಳಿಗೆ ಧಾವಿಸಬೇಕು. ಕೆಲವು ರೆಸಿನ್‌ಗಳ ಜೊತೆ, ಗಟ್ಟಿಯಾಗುವುದನ್ನು ಚುರುಕುಗೊಳಿಸುವ ಕೋಬಾಲ್ಟ್ ಆಕ್ಸಿಲರೇಟರ್ ಬೇರೆ ಬಾಟಲಿಯಲ್ಲಿ ಬರುತ್ತದೆ. ಅದನ್ನೂ ಹಾರ್ಡನರನ್ನೂ ನೇರವಾಗಿ ಬೆರೆಸಿದರೆ ಸ್ಫೋಟವಾಗಬಹುದು. ಒಂದನ್ನು ರೆಸಿನ್ನಿಗೆ ಪೂರ್ತಿ ಕಲಸಿದ ಮೇಲೆಯೇ ಇನ್ನೊಂದು. ಸ್ಟೈರೀನ್ ಆವಿಯನ್ನು ಬಟ್ಟೆಯ ಮಾಸ್ಕ್ ತಡೆಯುವುದಿಲ್ಲ, ಸಾವಯವ ಆವಿಗೆಂದೇ ಇರುವ ಕಾರ್ಟ್ರಿಜ್ ಮಾಸ್ಕ್ ಬೇಕು, ಬಾಗಿಲು ಕಿಟಕಿ ತೆರೆದಿರಬೇಕು. ಉಜ್ಜುವಾಗ ಗಾಜಿನ ಧೂಳಿಗೂ ಮಾಸ್ಕ್, ತುಂಬುತೋಳಿನ ಅಂಗಿ.

ಕೂರಿಸುವ ಕೆಲಸಕ್ಕೆ ಕಾರಿಗೆ ಹೊಸ ತೂತು ಕೊರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ. ಬಂಪರಿನ ಕೆಳಗೆ ಮೊದಲೇ ಇರುವ ಬೋಲ್ಟ್ ಜಾಗಗಳನ್ನು ಹುಡುಕಿ, ಸಾಮಾನ್ಯವಾಗಿ ಸಾಕಷ್ಟು ಸಿಗುತ್ತವೆ. ಬೋಲ್ಟ್ ಬರುವ ಕಡೆ ಇನ್ನೆರಡು ಪದರ ಗಾಜು ಹಾಕಿ, ಅಗಲವಾದ ವಾಷರ್ ಬಳಸಿ, ಸ್ಪಾಯ್ಲರಿನ ತೂತನ್ನು ಸ್ವಲ್ಪ ಉದ್ದುದ್ದ ಮಾಡಿ. ಮೇಲಂಚಿಗೂ ತಗಡಿಗೂ ನಡುವೆ ರಬ್ಬರ್ ಪಟ್ಟಿ ಇಟ್ಟರೆ ಅದುರಾಟಕ್ಕೆ ಬಣ್ಣ ಸವೆಯುವುದಿಲ್ಲ. ಸ್ಟೀರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಮೂತಿಯನ್ನು ಒತ್ತಿ ಇಳಿಸಿ, ಟೈರ್ ಎಲ್ಲೂ ಉಜ್ಜುವುದಿಲ್ಲ ಎಂದು ಖಚಿತ ಮಾಡಿಕೊಳ್ಳಿ. ರೇಡಿಯೇಟರಿಗೆ ಗಾಳಿ ಬಂಪರ್ ಕೆಳಗಿನಿಂದ ಬರುವ ಕಾರಾದರೆ ಸ್ಪಾಯ್ಲರಿನಲ್ಲಿ ಬಾಯಿ ಬಿಡಲೇಬೇಕು. ಮೊದಲ ಓಟದಲ್ಲಿ ಕಣ್ಣು ಟೆಂಪರೇಚರ್ ಮುಳ್ಳಿನ ಮೇಲಿರಲಿ, ಮನೆಗೆ ಬಂದ ಮೇಲೆ ಎಲ್ಲ ಬೋಲ್ಟುಗಳನ್ನೂ ಇನ್ನೊಮ್ಮೆ ಬಿಗಿ ಮಾಡಿ.

ಕೆಟ್ಟ ತುಂಡನ್ನು ನಾನು ಯಾಕೆ ಎಸೆದಿಲ್ಲ ಎಂದರೆ, ಅಚ್ಚನ್ನು ಖಾಲಿ ಇಟ್ಟರೆ ವರ್ಷಗಳಲ್ಲಿ ಅದು ನಿಧಾನವಾಗಿ ಬಾಗುತ್ತದೆ. ಒಳಗೆ ಒಂದು ತುಂಡು ಕೂತಿದ್ದರೆ ಆಕಾರ ನಿಲ್ಲುತ್ತದೆ. ಮನೆಯಲ್ಲಿ ಸುಕ್ಕುಬಿದ್ದ ಈ ಸ್ಪಾಯ್ಲರ್ ಅಚ್ಚಿನೊಳಗೆ ಕೂತು ಆ ಕೆಲಸ ಮಾಡುತ್ತದೆ. ಈಗ ಬನ್ನಿ, ಇಬ್ಬರು ಹಿಡಿದುಕೊಂಡರೆ ಎರಡನ್ನೂ ಬೆಳಕಿಗೆ ತರೋಣ. ಮೇಲಂಚಿನ ಬಲಮೂಲೆಯಲ್ಲಿ ಆ 6 ಮಿ.ಮೀ. ಎಲ್ಲಿ ಅಡಗಿದೆ ಎಂದು ಹುಡುಕಿ ನೋಡಿ.