ಬುರುಡೆ ಬಿಡುವ ಗ್ವೆಂಡೊಲೆನ್

ನಮಸ್ಕಾರ. ಬುರುಡೆ ಬಿಡುವವರು ಪ್ರತಿ ಮನೆತನದಲ್ಲೂ ಒಬ್ಬರಾದರೂ ಇರುತ್ತಾರೆ, ಅಲ್ವಾ? ಯಾರಿಗೂ ಕೇಡು ಬಯಸುವುದಿಲ್ಲ, ತಮಗೂ ಲಾಭ ಇಲ್ಲ, ಸುಮ್ನೆ ಮಾತಿನ ಖುಷಿಗೆ ಸುಳ್ಳು ಹೇಳುತ್ತಾರೆ. ನಮ್ಮ ಸೋದರತ್ತೆ ಒಬ್ಬರು ಹಾಗಿದ್ದರು. ಮಾವ ಗುಮಾಸ್ತರು, ಆದರೆ ಯಾವ ಮದುವೆಗೆ ಹೋದರೂ ಅತ್ತೆಯ ಬಾಯಲ್ಲಿ ಅವರು ತಹಶೀಲ್ದಾರರು. ಇಂಥ ಹೆಂಗಸೊಬ್ಬಳು ನಿಜವಾದ ಕೊಲೆಗಡುಕರ ಗುಂಪಿಗೆ ಎದುರಾದರೆ ಏನಾಗಬಹುದು? 1953ರಲ್ಲಿ ಬಂದ ‘ಬೀಟ್ ದ ಡೆವಿಲ್’ ಎಂಬ ಕಪ್ಪು ಬಿಳುಪು ಸಿನಿಮಾದಲ್ಲಿ ಆಗುವುದೇ ಅದು.

ಇಟಲಿಯ ಒಂದು ಪುಟ್ಟ ಬಂದರು. ಹಡಗು ಕೆಟ್ಟು ನಿಂತಿದೆ. ಕಪ್ತಾನ ಕುಡುಕ. ಇವತ್ತು ಹೊರಡುತ್ತೆ, ನಾಳೆ ಹೊರಡುತ್ತೆ ಅಂತ ಎಲ್ಲರೂ ಕಾಯುತ್ತಾ ಕೂತಿದ್ದಾರೆ. ಅವರಲ್ಲಿ ನಾಲ್ಕು ಜನ ಖದೀಮರು. ಡೊಳ್ಳು ಹೊಟ್ಟೆಯ ಪೀಟರ್ಸನ್ ಅವರ ಯಜಮಾನ, ಒಬ್ಬ ಉದ್ದನೆಯ ಬಡಕಲ, ಒಬ್ಬ ಕುಳ್ಳ ಮೇಜರ್, ಕೊಲೆ ಮಾಡುವುದು ಇವನ ಪಾಲಿನ ಕೆಲಸ. ನಾಲ್ಕನೆಯವನ ಹೆಸರು ಓಹಾರಾ, ಹೆಸರೇನೋ ಐರಿಷ್, ಬಾಯಿ ಬಿಟ್ಟರೆ ಜರ್ಮನ್ ಧಾಟಿ, ಕೇಳಿದರೆ ಚಿಲಿ ದೇಶದಲ್ಲಿ ಎಷ್ಟೋ ಜರ್ಮನರಿಗೆ ಓಹಾರಾ ಎಂಬ ಹೆಸರಿದೆ ಅನ್ನುತ್ತಾನೆ. ಬ್ರಿಟಿಷ್ ಪೂರ್ವ ಆಫ್ರಿಕಾಕ್ಕೆ ಹೋಗಿ ಯುರೇನಿಯಂ ಇರುವ ಜಮೀನು ಹೊಡೆದುಕೊಳ್ಳುವುದು ಇವರ ಸಂಚು. ಅಣುಬಾಂಬಿನ ಭಯ ಇನ್ನೂ ಹೊಸದಾಗಿದ್ದ ಕಾಲ ಅದು, ಹಳೆಯ ಸಾಹಸ ಕಥೆಗಳ ನಿಧಿಯ ಜಾಗಕ್ಕೆ ಯುರೇನಿಯಂ ಬಂದು ಕೂತಿತ್ತು. ವ್ಯವಹಾರ ಕುದುರಿಸಿಕೊಡಲು ಜೊತೆಗಿರುವವನು ಬಿಲ್ಲಿ. ಆ ಪಾತ್ರ ಹಂಫ್ರಿ ಬೋಗಾರ್ಟ್ ಅವರದು.

ಅದೇ ಹಡಗಿಗೆ ಕಾಯುತ್ತಿರುವ ಇಂಗ್ಲಿಷ್ ಹೆಂಗಸು ಗ್ವೆಂಡೊಲೆನ್. ಜೆನಿಫರ್ ಜೋನ್ಸ್ ಮಾಡಿದ ಪಾತ್ರ. ಈಕೆ ತನ್ನ ಗಂಡನ ಬಗ್ಗೆ ಒಂದಕ್ಕೆ ಹತ್ತು ಸೇರಿಸಿ ಹೇಳುತ್ತಾಳೆ, ಅವನು ಭಾರಿ ಕುಳ ಅನ್ನುವ ಹಾಗೆ. ಪೀಟರ್ಸನ್ ಅದನ್ನು ನಂಬಿಬಿಡುತ್ತಾನೆ! ಬಿಲ್ಲಿ ಈ ದಂಪತಿಯ ಜೊತೆ ಸೇರಿ ತನ್ನ ಯುರೇನಿಯಂ ಲಪಟಾಯಿಸುತ್ತಾನೆ ಎಂಬ ಗುಮಾನಿ ಅವನಿಗೆ ಮೊದಲೇ ಇತ್ತು, ಈಗ ಅದು ಗಟ್ಟಿಯಾಗುತ್ತದೆ. ಜೀವನವಿಡೀ ಸುಳ್ಳನ್ನೇ ಕಸುಬು ಮಾಡಿಕೊಂಡವನಿಗೆ ಲಾಭಕ್ಕಲ್ಲದೆ ಯಾರಾದರೂ ಸುಳ್ಳು ಹೇಳುತ್ತಾರೆ ಎಂಬುದು ಹೊಳೆಯುವುದೇ ಇಲ್ಲ. ನನಗೆ ಈ ಸಿನಿಮಾದಲ್ಲಿ ಅತಿ ಹೆಚ್ಚು ನಗು ಬರುವುದು ಇಲ್ಲಿಯೇ.

ನಿರ್ದೇಶಕ ಜಾನ್ ಹ್ಯೂಸ್ಟನ್. ಇದೇ ಹ್ಯೂಸ್ಟನ್, ಇದೇ ಬೋಗಾರ್ಟ್, ಓಹಾರಾ ಆಗಿರುವ ಇದೇ ಪೀಟರ್ ಲೋರಿ, ಮೂವರೂ ಸೇರಿ 1941ರಲ್ಲಿ ‘ದ ಮಾಲ್ಟೀಸ್ ಫಾಲ್ಕನ್’ ಮಾಡಿದ್ದರು. ಅಲ್ಲೂ ಒಬ್ಬ ದಪ್ಪ ಯಜಮಾನ ಇದ್ದ, ಎಲ್ಲರ ಕಣ್ಣೂ ಒಂದೇ ವಸ್ತುವಿನ ಮೇಲಿತ್ತು, ಎಲ್ಲರೂ ಸುಳ್ಳು ಹೇಳುತ್ತಿದ್ದರು. ಆದರೆ ಅಲ್ಲಿ ಅದು ಮೈ ಬಿಗಿ ಹಿಡಿದು ನೋಡುವ ಕಥೆ. ಹನ್ನೆರಡು ವರ್ಷದ ನಂತರ ತಾವೇ ಕಟ್ಟಿದ್ದನ್ನು ತಾವೇ ಗೇಲಿ ಮಾಡಲು ಧೈರ್ಯ ಬೇಕು.

ಕ್ಲಾಡ್ ಕಾಬರ್ನ್ ಅವರು ಬೇರೆ ಹೆಸರಲ್ಲಿ ಬರೆದ ಕಾದಂಬರಿ ಇದಕ್ಕೆ ಮೂಲ. ಚಿತ್ರೀಕರಣ ನಡೆದದ್ದು ಅಮಾಲ್ಫಿ ಕರಾವಳಿಯ ಮೇಲಿರುವ ರಾವೆಲ್ಲೊ ಎಂಬ ಊರಿನಲ್ಲಿ. ಚಿತ್ರಕಥೆಗೆ ಬಂದ ಟ್ರೂಮನ್ ಕಪೋಟಿ ಆಗಿನ್ನೂ ಇಪ್ಪತ್ತರ ಹರೆಯದ ಲೇಖಕ, ಹ್ಯೂಸ್ಟನ್ ಜೊತೆ ಕೂತು ಅಂದಂದಿನ ದೃಶ್ಯ ಅಂದಂದಿಗೆ ಬರೆಯುತ್ತಿದ್ದರು. ಅದು ತೆರೆಯ ಮೇಲೂ ಗೊತ್ತಾಗುತ್ತದೆ. ಕಥೆ ಎತ್ತಲೋ ಹೊರಟು ಎತ್ತಲೋ ತಿರುಗುತ್ತದೆ, ಆದರೆ ಮಾತು ಮಾತ್ರ ಬಿಸಿಬಿಸಿ. ಓಹಾರಾ ಒಂದು ಕಡೆ ಕಾಲದ ಬಗ್ಗೆ ಹೇಳುವುದನ್ನು ಕೇಳಿ. ಸ್ವಿಸ್ಸರು ಅದನ್ನು ತಯಾರಿಸುತ್ತಾರಂತೆ, ಫ್ರೆಂಚರು ಕೂಡಿಡುತ್ತಾರಂತೆ, ಇಟಲಿಯವರು ದುಂದು ಮಾಡುತ್ತಾರಂತೆ, ಹಿಂದೂಗಳು ಅದು ಇಲ್ಲವೇ ಇಲ್ಲ ಅನ್ನುತ್ತಾರಂತೆ. ಓಹಾರಾ ಪ್ರಕಾರ ಕಾಲ ಒಬ್ಬ ವಂಚಕ.

ಬೋಗಾರ್ಟ್ ಸ್ವಂತ ದುಡ್ಡು ಹಾಕಿದ್ದರು. ಕಾರು ಅಪಘಾತದಲ್ಲಿ ಅವರ ಹಲ್ಲು ಹೋಗಿ, ಕೆಲವು ಮಾತುಗಳಿಗೆ ಪೀಟರ್ ಸೆಲರ್ಸ್ ದನಿ ಕೊಡಬೇಕಾಯಿತು. ಸಿನಿಮಾ ಓಡಲಿಲ್ಲ. ಸಾಹಸ ನೋಡಲು ಬಂದ ಜನಕ್ಕೆ ನಗಬೇಕೋ ಬೇಡವೋ ಗೊತ್ತಾಗಲಿಲ್ಲ. ಬೋಗಾರ್ಟ್ ಅವರಿಗೂ ಇದು ಕೊನೆವರೆಗೂ ಹಿಡಿಸಲಿಲ್ಲ, ಅದು ನನಗೆ ಬೇಸರದ ಸಂಗತಿ. ಯಾಕೆಂದರೆ ಅವರು ಇಲ್ಲಿ ತುಂಬ ಚೆನ್ನಾಗಿದ್ದಾರೆ.

ಅಮೆರಿಕದಲ್ಲಿ ಇದರ ಹಕ್ಕುಸ್ವಾಮ್ಯ ನವೀಕರಿಸದೆ ಬಿಟ್ಟಿದ್ದರಿಂದ ಎಷ್ಟೋ ವರ್ಷ ಮಸುಕು ಮಸುಕಾದ ಪ್ರತಿಗಳೇ ಓಡಾಡಿದವು. ನಾನು ಮೊದಲು ನೋಡಿದ್ದೂ ಅಂಥದ್ದೇ, ಅರ್ಧಕ್ಕೇ ಎದ್ದು ಬಂದಿದ್ದೆ. 2016ರಲ್ಲಿ ದುರಸ್ತಿ ಮಾಡಿದ ಪ್ರತಿ ಬಂತು, ಅದೇ ಬೇರೆ ಸಿನಿಮಾ ಅನ್ನಿಸಿತು. ಹಳೆಯ ಪ್ರತಿಯಲ್ಲಿ ಖದೀಮರನ್ನು ಪೊಲೀಸರು ಎಳೆದೊಯ್ಯುವ ದೃಶ್ಯವನ್ನು ಮೊದಲೇ ತೋರಿಸಿ, ಬೋಗಾರ್ಟ್ ದನಿಯಲ್ಲಿ ಹಿಂದಿನ ಕಥೆ ಹೇಳಿಸುತ್ತಿದ್ದರು. ಹೊಸದರಲ್ಲಿ ಅದು ಇಲ್ಲ, ಕಥೆ ನೆಟ್ಟಗೆ ಸಾಗುತ್ತದೆ. ನೋಡುವುದಾದರೆ ದಯವಿಟ್ಟು ಇದನ್ನೇ ನೋಡಿ.

ಹಡಗು ಹೊರಡುತ್ತದೆ, ನಡು ನೀರಿನಲ್ಲಿ ಕೆಡುತ್ತದೆ, ಎಲ್ಲರೂ ದೋಣಿಯಲ್ಲಿ ಆಫ್ರಿಕಾದ ದಡ ಸೇರಿ, ಸೈನಿಕರ ಕೈಗೆ ಸಿಕ್ಕು, ಹೇಗೋ ಇಟಲಿಗೇ ವಾಪಸ್ ಬರುತ್ತಾರೆ. ಅಲ್ಲಿ ಸ್ಕಾಟ್ಲೆಂಡ್ ಯಾರ್ಡ್ ಪತ್ತೇದಾರ ಕಾದಿದ್ದಾನೆ. ಆತ ಬರ್ನಾರ್ಡ್ ಲೀ, ಮುಂದೆ ಜೇಮ್ಸ್ ಬಾಂಡ್ ಚಿತ್ರಗಳಲ್ಲಿ ಬಾಂಡ್‌ನ ಮೇಲಧಿಕಾರಿಯಾದವರು. ಪೀಟರ್ಸನ್ ನಯವಾಗಿ ಮಾತಾಡಿ ಇನ್ನೇನು ಜಾರಿಕೊಳ್ಳಬೇಕು, ಅಷ್ಟರಲ್ಲಿ ಗ್ವೆಂಡೊಲೆನ್ ಬಾಯಿ ತೆರೆಯುತ್ತಾಳೆ. ಸಂಚು, ಕೊಲೆ, ಎಲ್ಲ ಹೇಳಿಬಿಡುತ್ತಾಳೆ. ಈ ಸಲ ಅವಳು ಹೇಳಿದ್ದು ಅಪ್ಪಟ ನಿಜ.

ನಾಲ್ವರ ಕೈಗೂ ಬೇಡಿ ಬೀಳುತ್ತದೆ. ಅದೇ ಹೊತ್ತಿಗೆ ಅವಳಿಗೊಂದು ತಂತಿ ಬರುತ್ತದೆ. ಹಡಗಿನಿಂದ ತಪ್ಪಿಸಿಕೊಂಡಿದ್ದ ಗಂಡ ಆಫ್ರಿಕಾ ತಲುಪಿದ್ದಾನೆ, ಆ ಯುರೇನಿಯಂ ಜಮೀನು ಅವನದಾಗಿದೆ, ಈಗ ಅವನು ನಿಜವಾಗಿಯೂ ಭಾರಿ ಕುಳ. ಅದನ್ನು ಕೇಳಿ ಬಿಲ್ಲಿ ನಗಲು ಶುರು ಮಾಡುತ್ತಾನೆ, ನಗುತ್ತಲೇ ಇರುತ್ತಾನೆ.