ಕುಂತಿಬೆಟ್ಟದ ಬಂಡೆ ಹತ್ತೋರಿಗೆ

ನಮಸ್ಕಾರ. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ ಅಭ್ಯಾಸ ಇರೋರು ಮೈಸೂರಲ್ಲಿ ಬೇಕಾದಷ್ಟು ಜನ ಇದೀರ, ಅದ್ರಲ್ಲಿ ನಂದಿ ಹತ್ರ ಕೂಡ ನಿಲ್ಲದೆ ಒಂದೇ ಉಸಿರಿಗೆ ಮೇಲಕ್ಕೆ ಹೋಗೋರೂ ಇದೀರ, ಆ ಧೈರ್ಯದ ಮೇಲೆ ಪಾಂಡವಪುರದ ಕುಂತಿಬೆಟ್ಟ ಏನ್ಮಹಾ ಬಿಡ್ರೀ ಅಂತ ಭಾನುವಾರ ಚಪ್ಪಲಿ ಹಾಕ್ಕೊಂಡು ಹೊರಡೋರೂ ಇದೀರ. ಇವತ್ತಿನ ಮಾತು ಮುಖ್ಯವಾಗಿ ನಿಮಗೇ. ಚಾಮುಂಡಿ ಬೆಟ್ಟದಲ್ಲಿ ಕಾಲು ಎಲ್ಲಿಡಬೇಕು ಅನ್ನೋದನ್ನ 17ನೇ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರ ಕಾಲದಲ್ಲೇ ಮೆಟ್ಟಿಲು ಕಟ್ಟಿದೋರು ತೀರ್ಮಾನ ಮಾಡಿಬಿಟ್ಟಿದಾರೆ, ನಾವು ಉಸಿರು ಬಿಟ್ಕೊಂಡು ಹತ್ತಿದ್ರೆ ಸಾಕು. ಕುಂತಿಬೆಟ್ಟದ ಬಂಡೆ ಮೇಲೆ ಹಂಗಲ್ಲ, ಪ್ರತಿ ಹೆಜ್ಜೆಗೂ ಆ ತೀರ್ಮಾನ ನಮ್ಮದೇ. ಅಲ್ಲಿ ಕಸುವಿಗಿಂತ ಕಣ್ಣು ಜಾಸ್ತಿ ಕೆಲಸ ಮಾಡಬೇಕು.

ಊರಿನ ಪಕ್ಕದಲ್ಲೇ ಎದ್ದು ನಿಂತಿರೋ ಜೋಡಿ ಕಲ್ಲುಬೆಟ್ಟ ಇದು. ಎತ್ತರ ಸಮುದ್ರ ಮಟ್ಟದಿಂದ 2,882 ಅಡಿ, ಕೇಳೋಕೆ ದೊಡ್ಡದೇನಲ್ಲ, ನಮ್ಮ ಮೈಸೂರೇ ಸುಮಾರು 2,500 ಅಡಿ ಮೇಲಿದೆಯಲ್ಲ. ಹೈದರಾಲಿ, ಟಿಪ್ಪು ಕಾಲದಲ್ಲಿ ಅವರ ಸೈನ್ಯದಲ್ಲಿದ್ದ ಫ್ರೆಂಚರು ಇಲ್ಲೇ ಬೀಡು ಬಿಟ್ಟಿದ್ರು, ಅದಕ್ಕೇ ಬ್ರಿಟಿಷರು ಈ ಊರನ್ನ ಫ್ರೆಂಚ್ ರಾಕ್ಸ್ ಅಂತ ಕರೀತಿದ್ರು. ಸ್ಥಳದ ಕತೆ ಕೇಳಿದ್ರೆ ಬೇರೆ, ವನವಾಸದಲ್ಲಿ ಪಾಂಡವರು ಕುಂತಿ ಜೊತೆ ಇಲ್ಲಿದ್ರಂತೆ, ಭೀಮನ ಪಾದ ಅಂತ ತೋರಿಸ್ತಾರೆ, ಕುಂತಿಯ ಒನಕೆ ಅಂತ ಉದ್ದಕ್ಕೆ ನಿಂತಿರೋ ಕಲ್ಲು ತೋರಿಸ್ತಾರೆ. ಭೀಮನಂಥವನಿಗೆ ಈ ಬೆಟ್ಟ ಕಷ್ಟ ಆಗಿರಲಿಕ್ಕಿಲ್ಲ ಬಿಡಿ.

ಈಗ ಬಂಡೆ ವಿಷಯಕ್ಕೆ ಬರೋಣ, ಯಾಕಂದ್ರೆ ಇದನ್ನ ತಿಳ್ಕೊಂಡ್ರೆ ಅರ್ಧ ಬೆಟ್ಟ ಹತ್ತಿದಂಗೆ. ನಮ್ಮ ಹಳೇ ಮೈಸೂರು ಸೀಮೆಯ ಬಹುಪಾಲು ನೆಲದಡಿ ಇರೋದು ಪೆನಿನ್ಸುಲರ್ ನೈಸ್ ಅನ್ನೋ ಶಿಲೆ, 1916ರಲ್ಲಿ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಸ್ಮೀತ್ ಅನ್ನೋರು ಆ ಹೆಸರಿಟ್ಟರು, ಅದರ ವಯಸ್ಸು ಸುಮಾರು 250 ಕೋಟಿಯಿಂದ 340 ಕೋಟಿ ವರ್ಷ. ನೈಸಾಗ್ಲಿ ಗ್ರಾನೈಟಾಗ್ಲಿ, ಇಂಥ ಕಲ್ಲು ನೆಲದೊಳಗೆ ಆಳದಲ್ಲಿ ಒತ್ತಡದಲ್ಲಿ ಇದ್ದಿದ್ದು, ಮೇಲಿನ ಮಣ್ಣು ಕಲ್ಲು ಎಲ್ಲ ಕೊಚ್ಚಿ ಹೋದ ಮೇಲೆ ಭಾರ ಕಮ್ಮಿಯಾಗಿ ಹಿಗ್ಗುತ್ತೆ, ಹಿಗ್ಗಿ ಪದರ ಪದರವಾಗಿ ಬಿರುಕು ಬಿಡುತ್ತೆ, ಅದಕ್ಕೇ ಈ ಬೆಟ್ಟಗಳಲ್ಲಿ ಒಂದು ಕಡೆ ನುಣ್ಣಗೆ ಬಾಗಿರೋ ಹಾಸುಬಂಡೆ, ಇನ್ನೊಂದು ಕಡೆ ಒಂದರ ಮೇಲೊಂದು ಕೂತಿರೋ ಗುಂಡುಗಲ್ಲು. ಗುಂಡುಗಲ್ಲಿನ ಸಂದಿಯಲ್ಲಿ ನುಸೀಬೇಕು, ಬೆನ್ನಲ್ಲಿ ದೊಡ್ಡ ಬ್ಯಾಗಿದ್ರೆ ಸಿಕ್ಕಾಕೊಳ್ತೀರ. ಹಾಸುಬಂಡೆ ಮೇಲೆ ಬಣ್ಣ ನೋಡಬೇಕು. ಬೂದು ಬಣ್ಣಕ್ಕೆ ತರಿತರಿಯಾಗಿದ್ರೆ ಒಳ್ಳೇದು, ಶೂ ಕಚ್ಚುತ್ತೆ. ಮೇಲಿಂದ ಕೆಳಕ್ಕೆ ಕಪ್ಪು ಪಟ್ಟೆ ಇದೆಯಲ್ಲ, ಅದು ಮಳೆನೀರು ಹರಿಯೋ ದಾರಿ, ಆ ಕಪ್ಪು ಜೀವ ಇರೋ ಪಾಚಿ ಜಾತಿದು, ಒಂದು ಹನಿ ಬಿದ್ರೆ ಸಾಕು ಎಂಥಾ ದುಬಾರಿ ಶೂ ಇದ್ರೂ ಜಾರುತ್ತೆ. ಇನ್ನೊಂದು ಅಪಾಯ ಕಣ್ಣಿಗೇ ಬೀಳಲ್ಲ, ಬಂಡೆ ಸವೆದು ಉದುರಿದ ಸಣ್ಣ ಹರಳು, ನೆಲಕ್ಕೆ ರಾಗಿ ಚೆಲ್ಲಿದಂಗೆ ಇರುತ್ತೆ, ಇಳಿಯೋವಾಗ ಅದರ ಮೇಲೆ ಕಾಲಿಟ್ರೆ ಮುಗೀತು.

ಹೆದರಿದಾಗ ಎಲ್ಲರೂ ಮಾಡೋದು ಒಂದೇ, ಬಂಡೆಗೆ ಒರಗಿ ಬಗ್ಗೋದು. ಅದು ಉಲ್ಟಾ ಕೆಲಸ ಕಣ್ರೀ. ಒರಗಿದ ಕೂಡಲೇ ಪಾದದ ಮೇಲಿನ ಭಾರ ಹಗುರಾಗಿ ಹಿಡಿತ ತಪ್ಪುತ್ತೆ. ಮೈ ನೆಟ್ಟಗಿಟ್ಟು, ಪೂರ್ತಿ ಪಾದ ಊರಿ, ಸಣ್ಣ ಸಣ್ಣ ಹೆಜ್ಜೆ. ಇಳಿಯೋವಾಗ ಮೊಣಕಾಲು ಸ್ವಲ್ಪ ಬಗ್ಗಿಸ್ಕೊಂಡು, ತೀರಾ ಕಡಿದಾದ ಕಡೆ ಕೂತ್ಕೊಂಡು ಜರುಗೋದ್ರಲ್ಲಿ ಏನೂ ಅವಮಾನ ಇಲ್ಲ, ಪ್ಯಾಂಟ್ ಹರಿದ್ರೆ ಹರೀಲಿ. ಹತ್ತೋಕೆ ಸಲೀಸಾಗಿ ಕಂಡ ಜಾಗವೇ ಇಳಿಯೋವಾಗ ಕಾಲಡಿ ಏನಿದೆ ಅಂತ ಕಾಣದೆ ದಿಗಿಲು ಹುಟ್ಟಿಸುತ್ತೆ, ಆದ್ರಿಂದ ಹತ್ತೋವಾಗಲೇ ಆಗಾಗ ತಿರುಗಿ ನೋಡಿ, ಬಂದ ದಾರಿ ಮೇಲಿಂದ ಹೆಂಗೆ ಕಾಣುತ್ತೆ ಅಂತ ಗುರುತಿಟ್ಕೊಳ್ಳಿ. ಇಳಿಯೋಕಾಗಲ್ಲ ಅನ್ನಿಸಿದ ಕಡೆ ಹತ್ತಲೇಬೇಡಿ.

ಹೊತ್ತಿನ ವಿಷಯ. ಬೆಳಕು ಹರಿದ ಕೂಡಲೇ ಶುರು ಮಾಡಿ, ಹತ್ತೂವರೆ ಹನ್ನೊಂದರೊಳಗೆ ಕೆಳಗಿರಬೇಕು. ಮರ ಇಲ್ಲ, ನೆರಳಿಲ್ಲ, ಬಿಸಿಲೇರಿದ ಮೇಲೆ ಬಂಡೆ ಕಾದು ಕೈ ಇಡೋಕಾಗಲ್ಲ, ಮೇಲೆ ಕುಡಿಯೋ ನೀರಂತೂ ಸಿಗಲ್ಲ. ಒಬ್ಬೊಬ್ಬರಿಗೆ ಎರಡು ಲೀಟರ್ ಆದ್ರೂ ಬೇಕು, ಬೇಸಿಗೆಯಲ್ಲಿ ಮೂರು, ಜೊತೆಗೆ ಉಪ್ಪು ಹಾಕಿದ ಮಜ್ಜಿಗೆ ಇದ್ರೆ ಎನರ್ಜಿ ಡ್ರಿಂಕಿಗೆ ದುಡ್ಡು ಸುರಿಯೋ ಅಗತ್ಯ ನನಗಂತೂ ಕಾಣ್ಸಲ್ಲ. ಏಪ್ರಿಲ್ ಮೇ ತಿಂಗಳಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ ದಿಢೀರ್ ಅಂತ ಬರುತ್ತೆ, ಬೋಳುಬೆಟ್ಟದ ತುದಿಯಲ್ಲಿ ಎಲ್ಲಕ್ಕಿಂತ ಎತ್ತರಕ್ಕೆ ನಿಂತಿರೋದು ನೀವೇ. ಮಿಂಚು ಕಂಡ ಮೇಲೆ ಎಣಿಸ್ತಾ ಹೋಗಿ, ಸದ್ದು ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್ ಬರುತ್ತೆ, ಮೂವತ್ತು ಎಣಿಸೋದ್ರೊಳಗೆ ಗುಡುಗು ಕೇಳಿದ್ರೆ ಫೋಟೋ ಸಾಕು, ಇಳೀರಿ.

ಹೆಜ್ಜೇನು ಇನ್ನೊಂದು. ಇಂಥ ಕಲ್ಲಿನ ಚಾಚುಗಳ ಕೆಳಗೆ ಹುಟ್ಟು ಕಟ್ಟುತ್ವೆ. ಸೆಂಟ್ ಹೊಡ್ಕೊಂಡು ಹೋಗೋದು, ಬ್ಲೂಟೂತ್ ಸ್ಪೀಕರ್ ಹಾಕೋದು, ಬೆಂಕಿ ಹಚ್ಚೋದು, ಮೂರೂ ಬೇಡ. ಸ್ಪೀಕರ್ ಅಂತೂ ಜೇನು ಇಲ್ದಿದ್ರೂ ಬೇಡ. ಒಂದು ಹುಳ ಕಚ್ಚಿದ್ರೆ ಆ ಮುಳ್ಳಿಂದ ಬರೋ ವಾಸನೆ ಉಳಿದವನ್ನ ಕರೆಯುತ್ತೆ, ಅದಕ್ಕೇ ಹೊಡೀತಾ ನಿಲ್ಲಬಾರದು, ಮುಖ ಮುಚ್ಕೊಂಡು, ಕಾಲಡಿ ನೋಡ್ಕೊಂಡು ದೂರ ಹೋಗಬೇಕು. ಈ ಸೀಮೆ ಕಲ್ಲುಬೆಟ್ಟ, ಕಬ್ಬಿನ ಗದ್ದೆಗಳಲ್ಲಿ ಚಿರತೆನೂ ಇವೆ, ಹಂಗಾಗಿ ಕತ್ತಲಲ್ಲಿ ಟಾರ್ಚ್ ಹಿಡ್ಕೊಂಡು ಹತ್ತೋ ಫ್ಯಾಷನ್ ನನಗೆ ಒಪ್ಪಿಗೆ ಇಲ್ಲ. ಬಂಡೆಯ ಬಣ್ಣ ಕಾಣದ ಹೊತ್ತಲ್ಲಿ ಬಂಡೆ ಹತ್ತೋದಾದ್ರೂ ಹೆಂಗೆ?

ತುದಿಗೆ ಬಂದ್ರೆ ಸುತ್ತ ಕಬ್ಬು, ಭತ್ತ, ತೆಂಗು, ಕೆರೆಗಳು. ಇದೇ ತಾಲೂಕಲ್ಲಿ ಬೇಬಿ ಬೆಟ್ಟನೂ ಇದೆ, ಅಲ್ಲಿನ ಕಲ್ಲು ಗಣಿಗಾರಿಕೆಯಿಂದ ಕೆಆರ್‌ಎಸ್ ಅಣೆಕಟ್ಟೆಗೆ ಅಪಾಯ ಅಂತ ವರ್ಷಗಟ್ಟಲೆ ಗಲಾಟೆ ಆಯ್ತು, 2024ರ ಜನವರಿಯಲ್ಲಿ ಹೈಕೋರ್ಟು ಅಣೆಕಟ್ಟೆಯ ಸುತ್ತ 20 ಕಿಲೋಮೀಟರ್ ಒಳಗೆ ಗಣಿಗಾರಿಕೆ ನಿಲ್ಲಿಸಿ ಅಂತ ಹೇಳ್ತು. ಕುಂತಿಬೆಟ್ಟದ ಮೇಲೆ ನಿಂತಾಗ, ಜಲ್ಲಿ ಆಗದೆ ಉಳಿದಿರೋ ಕಲ್ಲು ಇದು ಅಂತ ನನಗೆ ಅನ್ನಿಸ್ತಿರುತ್ತೆ.

ಇಳಿದು ಬಂದ ಮೇಲೆ ಹೊತ್ತಿದ್ರೆ ತೊಣ್ಣೂರು ಕೆರೆ ಹತ್ರದಲ್ಲೇ ಇದೆ, ರಾಮಾನುಜಾಚಾರ್ಯರು ಇದ್ದ ಊರು, ನಂಬಿನಾರಾಯಣನ ಗುಡಿ ನೋಡ್ಕೊಂಡು ಬನ್ನಿ. ಸುಸ್ತಾದ ಕಾಲಲ್ಲಿ ಕೆರೆಗೆ ಮಾತ್ರ ಇಳೀಬೇಡಿ. ಕುಂತಿಬೆಟ್ಟ ಸಲೀಸಾಯ್ತು, ಇನ್ನೂ ಗಟ್ಟಿ ಬೇಕು ಅನ್ನೋರಿಗೆ ಕೆ.ಆರ್. ಪೇಟೆ ತಾಲೂಕಲ್ಲಿ ನಾರಾಯಣದುರ್ಗ ಇದೆ, ಅದು ಇದಕ್ಕಿಂತ ಕಡಿದು, ಅಲ್ಲಿಗೆ ಹೋಗೋದಾದ್ರೆ ಬುಡದ ಹಳ್ಳಿಯಲ್ಲಿ ದನ ಮೇಯಿಸೋರು ಯಾರನ್ನಾದ್ರೂ ಕೇಳಿ, ಅವರ ಕೂಲಿ ಕೊಟ್ಟು, ಜೊತೆಗೇ ಕರ್ಕೊಂಡು ಹತ್ತಿ.